ನಾಯಿಗೆ ಬೆಣ್ಣೆಹಣ್ಣು: ಕೊಡುವ ಮೊದಲು, ಕದ್ದು ತಿಂದ ಮೇಲೆ ಏನೇನು ಮಾಡಬೇಕು? ಸಮಗ್ರ ಮಾರ್ಗದರ್ಶಿ

ಮಳೆಗಾಲ ಹಿಡಿದು ಕೊಡಗಿನ ಬೆಣ್ಣೆಹಣ್ಣು ಮಾರ್ಕೆಟ್ಟಿಗೆ ಬಂತು ಅಂದರೆ ನಾಯಿ ಸಾಕಿರುವ ಗೆಳೆಯರಿಂದ ನನಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. "ನಾಯಿ ಬಟರ್‌ಫ್ರೂಟ್ ತಿಂದುಬಿಟ್ಟಿದೆ, ಅದು ವಿಷ ಅಂತೆ, ಹೌದಾ?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಬೀಜ ಎಲ್ಲಿದೆ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಯಾರೂ ಹುಡುಕಿರುವುದೇ ಇಲ್ಲ.

ಎಲ್ಲರೂ ಎಡವುವುದು ಇಲ್ಲೇ. ಹಣ್ಣು ವಿಷವೋ ಅಲ್ಲವೋ ಅಂತ ಮನೆಮಂದಿಯೆಲ್ಲ ಒಂದು ಗಂಟೆ ಚರ್ಚೆ ಮಾಡುತ್ತಾರೆ. ಆಮೇಲೆ ಉಪ್ಪುನೀರು ಕುಡಿಸುತ್ತಾರೆ. ಅಷ್ಟರಲ್ಲಿ ಅಡುಗೆಮನೆ ಗುಡಿಸಿ, ಕಸವನ್ನು ಗಾಡಿಗೆ ಹಾಕಿ ಆಗಿರುತ್ತದೆ. ನಾಯಿಯ ಹೊಟ್ಟೆಗೆ ಏನು ಹೋಗಿದೆ ಅಂತ ಹೇಳಬಲ್ಲ ಒಂದೇ ಸಾಕ್ಷಿ ಆ ಕಸದ ಜೊತೆಗೇ ಹೋಗಿರುತ್ತದೆ.

ನೇರ ಉತ್ತರ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ದೊಡ್ಡ ನಾಯಿ ಹಣ್ಣಾದ ತಿರುಳನ್ನು ಚಮಚದ ಲೆಕ್ಕದಲ್ಲಿ ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೀಜ, ಸಿಪ್ಪೆ, ಎಲೆ ಮಾತ್ರ ಯಾವ ಕಾರಣಕ್ಕೂ ಬೇಡ. ಮತ್ತೆ, ನಾಯಿಗೆ ಬೆಣ್ಣೆಹಣ್ಣು ಬೇಕೇ ಬೇಕು ಅಂತೇನೂ ಇಲ್ಲ. ಕೊಡದಿದ್ದರೆ ಅದಕ್ಕೆ ಯಾವ ನಷ್ಟವೂ ಇಲ್ಲ.

ವಿಷ ಅನ್ನುವ ಮಾತು ಎಲ್ಲಿಂದ ಬಂತು? ಬೆಣ್ಣೆಹಣ್ಣಿನ ಗಿಡದಲ್ಲಿ ಪರ್ಸಿನ್ ಅನ್ನುವ ವಸ್ತು ಇದೆ. ಎಲೆಯಲ್ಲಿ ಅದು ಜಾಸ್ತಿ. ತೊಗಟೆ, ಸಿಪ್ಪೆ, ಬೀಜದಲ್ಲೂ ಇದೆ, ಹಣ್ಣಾದ ತಿರುಳಿನಲ್ಲಿ ತುಂಬಾ ಕಡಿಮೆ. ಹಕ್ಕಿಗಳಿಗೆ, ಮೊಲಕ್ಕೆ, ಮೇಕೆಗೆ, ದನಕ್ಕೆ, ಕುದುರೆಗೆ ಪರ್ಸಿನ್ ನಿಜಕ್ಕೂ ಅಪಾಯ. ನಾಯಿಗಳು ಅದನ್ನು ಇವುಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಅಮೆರಿಕದಲ್ಲಿ ಬೆಣ್ಣೆಹಣ್ಣಿನ ತಿರುಳು ಸೇರಿಸಿದ ನಾಯಿ ಆಹಾರವೇ ಅಂಗಡಿಯಲ್ಲಿ ಸಿಗುತ್ತದೆ. ಹಾಗಂತ ಪೂರ್ತಿ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಬೆಣ್ಣೆಹಣ್ಣನ್ನು ತುಂಬಾ ಇಷ್ಟಪಟ್ಟು ತಿನ್ನುತ್ತಿದ್ದ ಕೆನ್ಯಾದ ಎರಡು ನಾಯಿಗಳಲ್ಲಿ ಈ ಹಣ್ಣಿನಿಂದಲೇ ಇರಬಹುದಾದ ವಿಷದ ಲಕ್ಷಣಗಳನ್ನು ಪಶುವೈದ್ಯರು 1994ರಲ್ಲಿ ದಾಖಲಿಸಿದ್ದಾರೆ.

ನಾಯಿಗಳ ವಿಷಯದಲ್ಲಿ ದಿನನಿತ್ಯ ಕಾಣುವ ತೊಂದರೆಗಳು ಎರಡು. ಬೀಜ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುವುದು ಒಂದು. ಜಾಸ್ತಿ ಕೊಬ್ಬು ಒಂದೇ ಸಲ ಒಳಗೆ ಹೋಗಿ ಹೊಟ್ಟೆ ಕೆಡುವುದು, ಕೆಲವೊಮ್ಮೆ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದಿಕೊಳ್ಳುವುದು ಇನ್ನೊಂದು. ಕೆಳಗಿನ ಎಲ್ಲ ಹಂತಗಳೂ ಈ ಎರಡನ್ನು ತಪ್ಪಿಸುವುದಕ್ಕೇ ಇವೆ.

## ಮೊದಲೇ ಕೈಗೆ ಸಿಗುವಂತೆ ಇಡಬೇಕಾದ ಸಾಮಾನು

ಇವನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಗಾಬರಿ ಆದಾಗ ಮನೆಯಲ್ಲಿರುವ ಟಾರ್ಚೂ ಕಣ್ಣಿಗೆ ಬೀಳುವುದಿಲ್ಲ.

- ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ
- ನಾಯಿಗೇ ಅಂತ ಬೇರೆ ಇಟ್ಟ ಡಿಜಿಟಲ್ ಥರ್ಮಾಮೀಟರ್, ಸ್ವಲ್ಪ ವ್ಯಾಸಲಿನ್
- ಟಾರ್ಚ್, ಒಂದು ಜೊತೆ ಕೈಗವಸು, ಹಳೆಯ ಪೇಪರ್
- ಜಿಪ್ ಇರುವ ಎರಡು ಪ್ಲಾಸ್ಟಿಕ್ ಕವರ್
- ಪೆನ್ನು ಮತ್ತು ಒಂದು ಚೀಟಿ. ಚೀಟಿಯಲ್ಲಿ ನಾಯಿಯ ಈಗಿನ ತೂಕ, ವಯಸ್ಸು, ನಡೆಯುತ್ತಿರುವ ಔಷಧಿ
- ಇಬ್ಬರು ಪಶುವೈದ್ಯರ ನಂಬರ್, ರಾತ್ರಿ ತೆರೆದಿರುವ ಒಂದು ಕ್ಲಿನಿಕ್ಕಿನ ನಂಬರ್

ಕೊನೆಯದನ್ನು ಈಗಲೇ ವಿಚಾರಿಸಿಡಿ. "ಭಾನುವಾರ ಇರ್ತೀರಾ? ರಾತ್ರಿ ಎಕ್ಸ್‌ರೇ ತೆಗೀತೀರಾ?" ಅಂತ ಫೋನ್ ಮಾಡಿ ಕೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್ ಕಡೆಯವರಿಗೆ ಹತ್ತಿರದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಆಸ್ಪತ್ರೆಯ ಸಮಯ ತಿಳಿದುಕೊಂಡಿರಿ.

## ಹಂತ 1: ನಿಮ್ಮ ನಾಯಿಗೆ ಇದು ಆಗುತ್ತದಾ ನೋಡಿ

ಹಣ್ಣು ಕೊಯ್ಯುವ ಮೊದಲು ಮಾಡುವ ಕೆಲಸ ಇದು. ಈ ಪಟ್ಟಿಯಲ್ಲಿ ನಿಮ್ಮ ನಾಯಿ ಇದ್ದರೆ ತಿರುಳೂ ಬೇಡ, ಒಂದು ಚೂರೂ ಬೇಡ:

- ಹಿಂದೆ ಒಂದು ಸಲವಾದರೂ ಮೇದೋಜೀರಕ ಗ್ರಂಥಿಯ ಊತ ಆಗಿದ್ದರೆ
- ಸಕ್ಕರೆ ಕಾಯಿಲೆ ಇದ್ದರೆ, ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಡಾಕ್ಟರ್ ಹೇಳಿದ್ದರೆ
- ತೂಕ ಜಾಸ್ತಿ ಇದ್ದರೆ
- ಕಡಿಮೆ ಕೊಬ್ಬಿನ ಆಹಾರದಲ್ಲಿ ಇಟ್ಟಿದ್ದರೆ
- ಮರಿ ಆಗಿದ್ದರೆ, ಅಥವಾ ಈಗಷ್ಟೇ ಭೇದಿ, ವಾಂತಿ ಆಗಿ ಚೇತರಿಸಿಕೊಳ್ಳುತ್ತಿದ್ದರೆ

ಮಿನಿಯೇಚರ್ ಷ್ನೌಜರ್, ಕಾಕರ್ ಸ್ಪೇನಿಯಲ್ ತರಹದ ಕೆಲವು ತಳಿಗಳಿಗೆ ಮೇದೋಜೀರಕದ ತೊಂದರೆ ಬೇಗ ಬರುತ್ತದೆ. ಅವುಗಳಿಗೂ ಕೊಡದೇ ಇರುವುದೇ ಒಳ್ಳೆಯದು.

ನಮ್ಮ ಮನೆಗಳಲ್ಲಿ ತೂಕದ ವಿಷಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಲ್ಯಾಬ್ರಡಾರ್ ದಪ್ಪಗಿದ್ದರೆ "ಚೆನ್ನಾಗಿ ತಿಂದುಂಡು ಇದೆ" ಅನ್ನುತ್ತೇವೆ. ಪಕ್ಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿ ನೋಡಿ. ಒತ್ತದೆಯೇ ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಗಬೇಕು. ಹುಡುಕಬೇಕಾದರೆ ತೂಕ ಜಾಸ್ತಿ ಆಗಿದೆ.

## ಹಂತ 2: ಹಣ್ಣು ಬಿಡಿಸುವ ಕ್ರಮ

ಇಲ್ಲಿ ಕ್ರಮ ತಪ್ಪಿದರೇ ಅನಾಹುತ. ಹೆಚ್ಚಿನವರು ಹಣ್ಣು ಹೆಚ್ಚಿ, ಬೀಜ ತೆಗೆದು ಕಟ್ಟೆಯ ಅಂಚಿಗೆ ಇಟ್ಟು, ತಿರುಳು ಕಿವುಚಲು ಶುರು ಮಾಡುತ್ತಾರೆ. ಬೀಜ ದುಂಡಗಿದೆ, ಜಾರುತ್ತದೆ, ಉರುಳುತ್ತದೆ. ನೆಲಕ್ಕೆ ಬಿದ್ದ ಮರುಕ್ಷಣ ಅದು ನಾಯಿಯ ಬಾಯಲ್ಲಿ ಇರುತ್ತದೆ.

1. ನಾಯಿಯನ್ನು ಅಡುಗೆಮನೆಯಿಂದ ಆಚೆ ಬಿಟ್ಟು ಬಾಗಿಲು ಹಾಕಿ.

2. ಮುಚ್ಚಳ ಗಟ್ಟಿಯಾಗಿರುವ ಡಬ್ಬಿಯೊಂದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಕಾಲಿನಿಂದ ಒತ್ತಿದರೆ ತೆರೆಯುವ ಕಸದ ಡಬ್ಬ ಸಾಲದು, ಎಷ್ಟೋ ನಾಯಿಗಳು ಅದನ್ನು ತೆರೆಯಲು ಕಲಿತಿರುತ್ತವೆ.

3. ಹಣ್ಣನ್ನು ಉದ್ದಕ್ಕೆ ಸೀಳಿ, ತಿರುಚಿ ಎರಡು ಮಾಡಿ. ಬೀಜವನ್ನು ಮೊದಲು ತೆಗೆದು ಡಬ್ಬಿಗೆ ಹಾಕಿ ಮುಚ್ಚಿ. ಬೇರೆ ಎಲ್ಲ ಕೆಲಸ ಆಮೇಲೆ.

4. ಬೀಜದ ಮೇಲಿನ ಕಂದು ಪೊರೆ ತಿರುಳಿಗೆ ಅಂಟಿಕೊಂಡಿರುತ್ತದೆ. ಅದನ್ನೂ ಕೆರೆದು ತೆಗೆಯಿರಿ.

5. ತಿರುಳನ್ನು ಚಮಚದಿಂದ ತೋಡಿ, ಆದರೆ ಸಿಪ್ಪೆಯ ತನಕ ಕೆರೆಯಬೇಡಿ. ಸಿಪ್ಪೆಗೆ ಅಂಟಿದ ಕಡು ಹಸಿರು ಪದರವನ್ನು ಅಲ್ಲೇ ಬಿಡಿ. ನಮ್ಮ ಕಡೆಯ ಹಣ್ಣಿಗೆ ಎಷ್ಟೋ ಸಲ ನುಣುಪಾದ ತೆಳು ಸಿಪ್ಪೆ. ಜಾಸ್ತಿ ಹಣ್ಣಾದರೆ ಚೂರು ಚೂರಾಗಿ ತಿರುಳಿನ ಜೊತೆಗೇ ಬಂದುಬಿಡುತ್ತದೆ. ಬೆರಳಲ್ಲಿ ಕಿವುಚಿ, ಸಿಪ್ಪೆಯ ಚೂರು ಸಿಕ್ಕರೆ ಆರಿಸಿ ತೆಗೆಯಿರಿ.

6. ಕಟ್ಟೆ ಒರೆಸಿ, ನೆಲ ನೋಡಿ, ಆಮೇಲೆ ಬಾಗಿಲು ತೆಗೆಯಿರಿ.

ಕಾಯಿಯನ್ನು ಕೊಡಲೇಬೇಡಿ. ಒತ್ತಿದರೆ ಮೆತ್ತಗೆ ಒಳಹೋಗುವಷ್ಟು ಹಣ್ಣಾಗಿರಬೇಕು. ಕಪ್ಪಾಗಿ ಹುಳಿ ವಾಸನೆ ಬರುವ ಹಣ್ಣು, ಬೂಷ್ಟು ಹಿಡಿದ ಹಣ್ಣು ನಾಯಿಗೂ ಬೇಡ. ನಮಗೆ ಬೇಡವಾದದ್ದನ್ನು ನಾಯಿಗೆ ಹಾಕುವ ಅಭ್ಯಾಸ ಬಿಡಬೇಕು.

## ಹಂತ 3: ಎಷ್ಟು ಕೊಡಬಹುದು, ಲೆಕ್ಕ ಹೀಗೆ

100 ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲೊರಿ, 15 ಗ್ರಾಂನಷ್ಟು ಕೊಬ್ಬು ಇರುತ್ತದೆ. ಸಂತಾನಹರಣ ಆಗಿರುವ 10 ಕೆ.ಜಿ.ಯ ಮನೆ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಸಾಕು. ತಿಂಡಿತೀರ್ಥ ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ದಾಟಬಾರದು ಅನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಾತು.

ಬರೀ ಕ್ಯಾಲೊರಿ ಲೆಕ್ಕ ಹಾಕಿದರೆ ಆ ನಾಯಿಗೆ 40 ಗ್ರಾಂ ತಿರುಳು ಆಗುತ್ತದೆ. ನನಗೆ ಅದು ಜಾಸ್ತಿ ಅನ್ನಿಸುತ್ತದೆ, ಒಂದೇ ಸಲಕ್ಕೆ 6 ಗ್ರಾಂ ಕೊಬ್ಬು ಹೋಗುತ್ತದಲ್ವಾ. ನಾನು ಇಟ್ಟುಕೊಂಡಿರುವ ಲೆಕ್ಕ ಇನ್ನೂ ಬಿಗಿ: ನಾಯಿಯ ತೂಕದ ಪ್ರತಿ ಕೆ.ಜಿ.ಗೆ 1 ಗ್ರಾಂ ತಿರುಳು. 10 ಕೆ.ಜಿ. ನಾಯಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚ. ನಾಯಿ ಎಷ್ಟೇ ದೊಡ್ಡದಿರಲಿ, 30 ಗ್ರಾಂ ದಾಟಬೇಡಿ. ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ.

ಕೊಡಗಿನ ದೊಡ್ಡ ಹಣ್ಣೊಂದರಲ್ಲಿ 250 ಗ್ರಾಂ ತಿರುಳು ಸಲೀಸಾಗಿ ಸಿಗುತ್ತದೆ. ಅದು 400 ಕ್ಯಾಲೊರಿ, 37 ಗ್ರಾಂ ಕೊಬ್ಬು. ಆ 10 ಕೆ.ಜಿ. ನಾಯಿ ಇಡೀ ಹಣ್ಣು ಮುಗಿಸಿದರೆ, ಊಟಕ್ಕೆ ಮೊದಲೇ ದಿನದ ಮೂರರಲ್ಲಿ ಎರಡು ಪಾಲು ಹೊಟ್ಟೆ ಸೇರಿದ ಹಾಗೆ.

ಮೊದಲ ಸಲ ಅರ್ಧ ಪ್ರಮಾಣ ಕೊಟ್ಟು 48 ಗಂಟೆ ನೋಡಿ. ಆ ಎರಡು ದಿನ ಬೇರೆ ಯಾವ ಹೊಸ ತಿಂಡಿಯೂ ಬೇಡ. ಇಲ್ಲದಿದ್ದರೆ ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು

ಬಟರ್‌ಫ್ರೂಟ್ ಮಿಲ್ಕ್‌ಶೇಕಿನ ಲೋಟ ನೆಕ್ಕಲು ಬಿಡುವುದು. ಅದರಲ್ಲಿ ಹಾಲು, ಸಕ್ಕರೆ ಇರುತ್ತದೆ, ಅಂಗಡಿಯದ್ದಾದರೆ ಕೆಲವೊಮ್ಮೆ ಐಸ್‌ಕ್ರೀಮ್, ಚಾಕೊಲೆಟ್ ಸಿರಪ್ಪೂ ಇರುತ್ತದೆ. ಚಾಕೊಲೆಟ್ ನಾಯಿಗೆ ವಿಷ.

ಅದಕ್ಕಿಂತ ದೊಡ್ಡ ತಪ್ಪು ಗ್ವಾಕಮೋಲೆ (ಬೆಣ್ಣೆಹಣ್ಣು ಕಿವುಚಿ ಮಾಡುವ ಮೆಕ್ಸಿಕೊ ಕಡೆಯ ಚಟ್ನಿ), ಟೋಸ್ಟಿನ ಮೇಲೆ ಹಚ್ಚುವ ಮಸಾಲೆ, ಮನೆಯಲ್ಲಿ ಕಿವುಚಿ ಮಾಡುವ ಚಟ್ನಿ ಕೊಡುವುದು. ಇವುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. 4 ಕೆ.ಜಿ. ಪೊಮೆರೇನಿಯನ್‌ಗೆ ಒಂದು ಸಣ್ಣ ಈರುಳ್ಳಿಯೇ ಸಾಕು ಅಂತ ಆಯಿತು. ಬೆಳ್ಳುಳ್ಳಿ ಇನ್ನೂ ಖಡಕ್ಕು. ಬೇಯಿಸಿದರೂ ಇವುಗಳ ವಿಷ ಹೋಗುವುದಿಲ್ಲ.

## ಹಂತ 4: ಕದ್ದು ತಿಂದಿದೆ. ಮೊದಲ ಹತ್ತು ನಿಮಿಷ

ಕೂಗಾಡಬೇಡಿ, ಓಡಿಸಿಕೊಂಡು ಹೋಗಬೇಡಿ. ಬಾಯಲ್ಲಿರುವುದನ್ನು ಕಿತ್ತುಕೊಳ್ಳುತ್ತಾರೆ ಅಂತ ಗೊತ್ತಾದರೆ ನಾಯಿ ಅದನ್ನು ಗಬಕ್ಕನೆ ನುಂಗುತ್ತದೆ. ಎಷ್ಟೋ ಸಲ ಬೀಜ ಒಳಗೆ ಹೋಗುವುದು ಹೀಗೇ. ಅದಕ್ಕೆ ಇಷ್ಟವಾದ ಬೇರೇನಾದರೂ ತೋರಿಸಿ, ಬಾಯಿಂದ ಬಿಡುವಂತೆ ಮಾಡಿ.

1. ಉಸಿರು ನೋಡಿ. ಮುಖ ಉಜ್ಜಿಕೊಳ್ಳುತ್ತಿದೆಯಾ, ಸದ್ದಿಲ್ಲದೆ ಬಾಯಿ ತೆರೆದು ಒದ್ದಾಡುತ್ತಿದೆಯಾ, ನಾಲಿಗೆ ನೀಲಿ ಆಗುತ್ತಿದೆಯಾ? ಹಾಗಾದರೆ ಬೀಜ ಗಂಟಲಲ್ಲಿದೆ. ಬಾಯಿ ತೆರೆದು ಟಾರ್ಚ್ ಬಿಡಿ. ಬೀಜ ಕಂಡರೆ ಬೆರಳನ್ನು ಕೆನ್ನೆಯ ಪಕ್ಕದಿಂದ ತೂರಿಸಿ ಹೊರಗೆ ಎಳೆಯಿರಿ, ನೇರವಾಗಿ ಒತ್ತಿ ಒಳಗೆ ತಳ್ಳಬೇಡಿ. ಕಾಣದಿದ್ದರೆ ನಾಯಿಯ ಹಿಂದೆ ನಿಂತು, ಪಕ್ಕೆಲುಬು ಮುಗಿಯುವ ಮೆತ್ತನೆ ಜಾಗದಲ್ಲಿ ಮುಷ್ಟಿ ಇಟ್ಟು, ಒಳಕ್ಕೆ ಮತ್ತು ತಲೆಯ ಕಡೆಗೆ ನಾಲ್ಕೈದು ಸಲ ಜೋರಾಗಿ ಒತ್ತಿ. ಬೀಜ ಹೊರಗೆ ಬಂದರೂ ಆಸ್ಪತ್ರೆಗೆ ಹೋಗಿ.

2. ಗಂಟೆ ಬರೆದುಕೊಳ್ಳಿ. ತಿಂದದ್ದು ಯಾವಾಗ ಅಂತ ಗೊತ್ತಿಲ್ಲದಿದ್ದರೆ, ಹಣ್ಣನ್ನು ಕೊನೆಯ ಸಲ ಎಷ್ಟು ಹೊತ್ತಿಗೆ ನೋಡಿದಿರಿ ಅಂತ ಬರೆಯಿರಿ.

3. ಬೀಜ ಎಣಿಸಿ. ಎಷ್ಟು ಹಣ್ಣು ಇತ್ತು, ಎಷ್ಟು ಉಳಿದಿದೆ, ಎಷ್ಟು ಬೀಜ ಸಿಕ್ಕಿತು? ಸೋಫಾದ ಕೆಳಗೆ, ನಾಯಿ ಮಲಗುವ ಜಾಗದಲ್ಲಿ, ಗೇಟಿನ ಮೂಲೆಯಲ್ಲಿ, ಹೂಕುಂಡದ ಮಣ್ಣಿನಲ್ಲಿ ಹುಡುಕಿ. ನಾಯಿಗಳು ಬೀಜವನ್ನು ಹೂತಿಡುವುದೂ ಉಂಟು. ಸಿಕ್ಕ ಬೀಜವನ್ನು ತಿರುಗಿಸಿ ನೋಡಿ. ಇಡೀ ಬೀಜ ಹೆಚ್ಚು ಕಮ್ಮಿ ದುಂಡಗೆ, ಮೇಲೆ ಕಂದು ಪೊರೆ, ಅದರ ಕೆಳಗೆ ಹಳದಿ ಮಿಶ್ರಿತ ಬಿಳಿ. ಹಲ್ಲಿನ ಗೀರು ಇದ್ದರೆ ಪರವಾಗಿಲ್ಲ. ಒಂದು ಮೂಲೆಯೇ ಇಲ್ಲದಿದ್ದರೆ ಆ ಮೂಲೆ ಎಲ್ಲಿ ಅಂತ ಗೊತ್ತಾಗಬೇಕು. ಬೀಜ ತನ್ನಷ್ಟಕ್ಕೆ ಎರಡು ಹೋಳಾಗುತ್ತದೆ, ಹಾಗಾಗಿ ಒಂದೇ ಹೋಳು ಸಿಕ್ಕಿದರೆ ಇನ್ನೊಂದನ್ನು ಹುಡುಕಿ.

4. ಉಳಿದದ್ದೆಲ್ಲ ಕವರಿಗೆ. ಸಿಪ್ಪೆ, ಬೀಜ, ಚೂರು ಏನು ಸಿಕ್ಕಿದರೂ ಜಿಪ್ ಕವರಿಗೆ ಹಾಕಿ. ಒಂದು ಫೋಟೊ ತೆಗೆಯಿರಿ.

5. ಡಾಕ್ಟರಿಗೆ ಫೋನ್ ಮಾಡಿ. ಈ ಕ್ರಮದಲ್ಲಿ ಹೇಳಿ: ನಾಯಿಯ ತೂಕ, ತಿಂದ ಸಮಯ, ತಿರುಳು ಎಷ್ಟು, ಬೀಜ ಸಿಕ್ಕಿದೆಯೋ ಇಲ್ಲವೋ, ಈಗ ನಾಯಿ ಹೇಗಿದೆ.

ಈ ಹತ್ತು ನಿಮಿಷದಲ್ಲಿ ಮಾಡಲೇಬಾರದ್ದು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇದು ನಮ್ಮಲ್ಲಿ ಬೇರೂರಿರುವ ಅಭ್ಯಾಸ. ಉಪ್ಪು ಜಾಸ್ತಿಯಾದರೆ ನಾಯಿಯ ಮಿದುಳಿಗೇ ಹಾನಿ, ನಡುಕ, ಫಿಟ್ಸ್ ಬರುತ್ತವೆ. ಬೆಣ್ಣೆಹಣ್ಣಿಗಿಂತ ಆ ಉಪ್ಪುನೀರೇ ದೊಡ್ಡ ವಿಷ. ಅದೂ ಅಲ್ಲದೆ, ಇಷ್ಟು ದೊಡ್ಡ ಬೀಜ ವಾಂತಿಯ ಜೊತೆ ಮೇಲೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ವಾಂತಿ ಮಾಡಿಸಬೇಕಾ ಅನ್ನುವುದನ್ನು ಬೀಜದ ಗಾತ್ರ, ನಾಯಿಯ ಗಾತ್ರ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ, ಔಷಧಿಯನ್ನೂ ಅವರೇ ಕೊಡುತ್ತಾರೆ.

ಬೀಜ ಜಾರಿ ಹೋಗಲಿ ಅಂತ ತುಪ್ಪ, ಹರಳೆಣ್ಣೆ, ಬಾಳೆಹಣ್ಣು ತಿನ್ನಿಸಬೇಡಿ. ಕರುಳು ಮುಚ್ಚಿಕೊಂಡಿರುವಾಗ ಭೇದಿ ಔಷಧಿ ಕೊಟ್ಟರೆ ನೋವು, ಅಪಾಯ ಎರಡೂ ಹೆಚ್ಚುತ್ತವೆ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದಕ್ಕೂ ತೊಂದರೆ.

ನಮ್ಮ ಮಾತ್ರೆಗಳನ್ನು ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಅಪಾಯ. ವಾಂತಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕರುಳು ಕಟ್ಟಿದ ಲಕ್ಷಣವೇ ಮುಚ್ಚಿಹೋಗುತ್ತದೆ.

## ಹಂತ 5: ಎಣಿಕೆ ಆಯಿತು, ಈಗ ತೀರ್ಮಾನ

ಬರೀ ತಿರುಳು, ಸ್ವಲ್ಪ. ಮನೆಯಲ್ಲೇ ನೋಡಿಕೊಳ್ಳಬಹುದು. ಮುಂದಿನ ಊಟಕ್ಕೆ ಕೊಬ್ಬಿಲ್ಲದ್ದನ್ನು ಕೊಡಿ: ಮೆತ್ತಗೆ ಬೆಂದ ಅನ್ನ, ಚರ್ಮ ತೆಗೆದು ಬೇಯಿಸಿದ ಸ್ವಲ್ಪ ಕೋಳಿ. ಉಪ್ಪು, ಎಣ್ಣೆ, ಮಸಾಲೆ ಬೇಡ.

ಬರೀ ತಿರುಳು, ಆದರೆ ಇಡೀ ಹಣ್ಣು. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಮೂರು ದಿನ ಕಾವಲು ಕಾಯಿರಿ. ಹಂತ 1ರ ಪಟ್ಟಿಯಲ್ಲಿರುವ ನಾಯಿ ಆದರೆ ಅವತ್ತೇ ತೋರಿಸಿ.

ಸಿಪ್ಪೆ. ಚಿಕ್ಕ ಚೂರಾದರೆ ಕಾಯಬಹುದು. ಸಣ್ಣ ನಾಯಿ ದೊಡ್ಡ ಸಿಪ್ಪೆ ನುಂಗಿದ್ದರೆ ಬೀಜದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಬೀಜ ಅಗಿದು ಚೂರು ಮಾಡಿದೆ. ಚೂರುಗಳನ್ನೆಲ್ಲ ಜೋಡಿಸಿ ಎಷ್ಟು ಕಡಿಮೆ ಇದೆ ನೋಡಿ. ಫೋನ್ ಮಾಡಿ ಕೇಳಿ.

ಬೀಜ ನುಂಗಿದೆ, ಅಥವಾ ಬೀಜದ ಲೆಕ್ಕ ಸಿಗುತ್ತಿಲ್ಲ. ಇವೆರಡನ್ನೂ ಒಂದೇ ಅಂತ ತಿಳಿಯಿರಿ. ನಾಯಿ ಬಾಲ ಅಲ್ಲಾಡಿಸುತ್ತಾ ಆಡುತ್ತಿದ್ದರೂ ಈಗಲೇ ಹೊರಡಿ. ಆಹಾರ ಏನೂ ಕೊಡಬೇಡಿ.

ಈ ಕೊನೆಯದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಸೋಮವಾರಪೇಟೆ ಕಡೆ ನಮ್ಮ ನೆಂಟರ ತೋಟದಲ್ಲಿ 24 ಕೆ.ಜಿ.ಯ ಒಂದು ಮಿಶ್ರತಳಿ ನಾಯಿ ಇತ್ತು. ಮರದಡಿ ಬಿದ್ದ ಹಣ್ಣು ತಿಂದಿತ್ತು. ನಾನೂ ಅಲ್ಲೇ ಇದ್ದೆ. ಎರಡು ದಿನ ಆರಾಮಾಗಿ ಓಡಾಡಿಕೊಂಡಿತ್ತು. ಮೂರನೇ ದಿನ ನೀರು ಕುಡಿದರೂ ವಾಂತಿ. ಮೊದಲು ಹೋದ ಕಡೆ ಗ್ಯಾಸ್ ಅಂತ ಇಂಜೆಕ್ಷನ್ ಹಾಕಿ ಕಳಿಸಿದರು. ಹಣ್ಣಿನ ಸುದ್ದಿ ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕನೇ ದಿನ ಮೈಸೂರಿನಲ್ಲಿ ಆಪರೇಷನ್ ಮಾಡಿ ತೆಗೆದ ಬೀಜವನ್ನು ಡಾಕ್ಟರ್ ಒಂದು ಟ್ರೇಯಲ್ಲಿ ತೋರಿಸಿದರು. ನಿಂಬೆಹಣ್ಣಿನ ಗಾತ್ರ. ಪೊರೆ ಪೂರ್ತಿ ಸುಲಿದುಹೋಗಿ, ಕರುಳಿನ ರಸಕ್ಕೆ ನೆಂದು ಕೆಂಪು ಕೆಂಪಾಗಿತ್ತು. ಒಂದೇ ಒಂದು ಹಲ್ಲಿನ ಗುರುತೂ ಇರಲಿಲ್ಲ. ಅಗಿಯದೆ ಹಾಗೇ ನುಂಗಿತ್ತು. ನಾಯಿ ಬದುಕಿತು. ಆದರೆ ಮರದಡಿಯ ಬೀಜಗಳನ್ನು ಅವತ್ತೇ ಎಣಿಸಿದ್ದರೆ ಆ ನೋವು ಅದಕ್ಕೆ ಇರುತ್ತಿರಲಿಲ್ಲ ಅನ್ನುವುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಬೀಜ ಹೊಟ್ಟೆಯಲ್ಲಿ ಕೆಲವು ದಿನ ಸುಮ್ನೆ ಕೂತಿದ್ದು, ಆಮೇಲೆ ಕರುಳಿಗೆ ಇಳಿದು ಸಿಕ್ಕಿಕೊಳ್ಳಬಹುದು. ಎರಡು ದಿನ ಏನೂ ಆಗಲಿಲ್ಲ ಅಂದರೆ ಗಂಡಾಂತರ ಕಳೆಯಿತು ಅಂತ ಅರ್ಥವಲ್ಲ.

ಎಲೆ, ತೊಗಟೆ. ಒಂದೆರಡು ಎಲೆ ಕಚ್ಚಿ ಉಗಿದಿದ್ದರೆ ನೋಡುತ್ತಿರಿ. ಜಾಸ್ತಿ ತಿಂದಿದ್ದರೆ ಡಾಕ್ಟರಿಗೆ ಹೇಳಿ. ಮೇಲುಸಿರು, ಕೆಮ್ಮು, ಹೊಟ್ಟೆ ಊತ, ಸ್ವಲ್ಪ ನಡೆದರೂ ಸುಸ್ತು ಕಂಡರೆ ಕಾಯಬೇಡಿ.

ಈರುಳ್ಳಿ, ಬೆಳ್ಳುಳ್ಳಿ ಬೆರೆತದ್ದು. ಇದರ ಲಕ್ಷಣ ಕಾಣಲು ಮೂರರಿಂದ ಐದು ದಿನ ಬೇಕಾಗಬಹುದು. ಒಸಡು ಬಿಳಿಚಿಕೊಳ್ಳುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಮುಖ್ಯ ಗುರುತು. ಅಲ್ಲಿಯ ತನಕ ಕಾಯದೆ ಮೊದಲೇ ಡಾಕ್ಟರಿಗೆ ತಿಳಿಸಿ.

## ಹಂತ 6: ಮೂರು ದಿನದ ಕಾವಲು

ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರ್ ಹೇಳಿದರೆ ಈ ಐದನ್ನು ಬೆಳಿಗ್ಗೆ, ಸಂಜೆ ನೋಡಿ ಚೀಟಿಯಲ್ಲಿ ಬರೆಯಿರಿ.

1. ಒಸಡು. ತುಟಿ ಮೇಲೆತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಒಸಡು ಅಂಟಂಟಾಗಿದ್ದರೆ ನೀರು ಕಡಿಮೆಯಾಗಿದೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅವುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಿ. ನಾಯಿ ಹುಷಾರಾಗಿರುವಾಗಲೇ ಇದನ್ನು ಒಂದು ಸಲ ಮಾಡಿ ನೋಡಿರಿ, ಸರಿಯಾದ ಬಣ್ಣ ಯಾವುದು ಅಂತ ಆಗ ಗೊತ್ತಿರುತ್ತದೆ.

2. ಜ್ವರ. ಥರ್ಮಾಮೀಟರ್ ತುದಿಗೆ ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ಮೆಲ್ಲಗೆ ಇಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ನಮ್ಮ 98.6ರ ಲೆಕ್ಕ ಇಟ್ಟುಕೊಂಡು ಗಾಬರಿಯಾಗಬೇಡಿ. 103 ದಾಟಿದರೆ ಫೋನ್ ಮಾಡಿ. 104 ದಾಟಿದರೂ, 99ಕ್ಕಿಂತ ಇಳಿದರೂ ಹೊರಡಿ.

3. ವಾಂತಿ. ಎಷ್ಟು ಸಲ, ಏನು ಬಂತು? ಒಂದು ಸಲ ಹಸಿರು ತಿರುಳು ಕಕ್ಕಿ ಆಮೇಲೆ ಆರಾಮಾಗಿದ್ದರೆ ಸರಿ. ನೀರು ಕೂಡ ನಿಲ್ಲುತ್ತಿಲ್ಲ ಅಂದರೆ ಸರಿಯಿಲ್ಲ.

4. ಮಲ. ಪೇಪರಿನ ಮೇಲೆ ಹಾಕಿ, ಕೈಗವಸು ಹಾಕಿಕೊಂಡು ಕಡ್ಡಿಯಿಂದ ಬಿಡಿಸಿ ನೋಡಿ. ಸಿಪ್ಪೆಯ ಚೂರು, ಬೀಜದ ತುಂಡು ಬಂದಿದ್ದರೆ ಬರೆಯಿರಿ. ತಿನ್ನುತ್ತಿದ್ದೂ ಒಂದು ದಿನ ಪೂರ್ತಿ ಮಲ ಆಗದೆ, ಸುಮ್ನೆ ತಿಣುಕುತ್ತಿದ್ದರೆ ಅದು ಎಚ್ಚರಿಕೆ.

5. ಹೊಟ್ಟೆ ಮತ್ತು ಕೂರುವ ರೀತಿ. ಮುಂಗಾಲು, ಎದೆ ನೆಲಕ್ಕೆ ಊರಿ ಹಿಂಭಾಗ ಎತ್ತಿ ನಿಂತರೆ, ದೇವರಿಗೆ ಅಡ್ಡ ಬಿದ್ದ ಹಾಗೆ, ಅದು ಹೊಟ್ಟೆ ನೋವಿನ ಭಂಗಿ. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೇ ಬಾಗುತ್ತದೆ. ಆಗ ಬಾಲ ಆಡುತ್ತದೆ, ಕಣ್ಣು ನಿಮ್ಮ ಮೇಲಿರುತ್ತದೆ, ಕ್ಷಣದಲ್ಲಿ ಎದ್ದು ಓಡುತ್ತದೆ. ನೋವಿದ್ದರೆ ಹಾಗೇ ನಿಂತಿರುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ನಕ್ಕವರನ್ನು ನೋಡಿದ್ದೇನೆ. ಪಾಪ, ಅವರಿಗೆ ಗೊತ್ತಿರಲಿಲ್ಲ.

ಕೊಬ್ಬಿನಿಂದಾಗುವ ಮೇದೋಜೀರಕದ ಊತ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಮೂರು ದಿನ ಅಂದದ್ದು. ಬೀಜದ ಅನುಮಾನ ಉಳಿದಿದ್ದರೆ ಮೂರು ದಿನಕ್ಕೆ ನಿಲ್ಲಿಸಬೇಡಿ.

ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಹೊರಡಿ: ಒಂದೇ ದಿನ ಎರಡು ಮೂರು ಸಲಕ್ಕಿಂತ ಜಾಸ್ತಿ ವಾಂತಿ, ನೀರೂ ನಿಲ್ಲದಿರುವುದು, ವಾಂತಿಯಲ್ಲೋ ಮಲದಲ್ಲೋ ರಕ್ತ, ಹೊಟ್ಟೆ ಮುಟ್ಟಿದರೆ ಗುರ್ ಅನ್ನುವುದು, ಹೊಟ್ಟೆ ಊದಿಕೊಳ್ಳುವುದು, ಒಸಡು ಬಿಳಿಚುವುದು, ಉಸಿರಾಟಕ್ಕೆ ಕಷ್ಟ, ಕರೆದರೂ ಏಳದಷ್ಟು ಸುಸ್ತು.

## ಹಂತ 7: ಆಸ್ಪತ್ರೆಯಲ್ಲಿ

ಒಳಗೆ ಹೋದ ಕೂಡಲೇ ಮೊದಲ ಮಾತು "ಬೆಣ್ಣೆಹಣ್ಣು ತಿಂದಿದೆ, ಬೀಜ ಸಿಕ್ಕಿಲ್ಲ" ಅಂತಲೇ ಇರಲಿ. "ಎರಡು ದಿನದಿಂದ ಊಟ ಬಿಟ್ಟಿದೆ" ಅಂತ ಶುರು ಮಾಡಿದರೆ ವಿಷಯ ಬೇರೆ ದಾರಿ ಹಿಡಿಯುತ್ತದೆ.

ಅದೇ ಮರದ, ಅದೇ ರಾಶಿಯ ಇನ್ನೊಂದು ಹಣ್ಣು ಅಥವಾ ಬೀಜ ಇದ್ದರೆ ತೆಗೆದುಕೊಂಡು ಹೋಗಿ. ಒಂದು ಮರದ ಬೀಜ ಅಡಿಕೆಗಿಂತ ಸ್ವಲ್ಪ ದೊಡ್ಡದು, ಇನ್ನೊಂದರದ್ದು ಕೋಳಿಮೊಟ್ಟೆಯಷ್ಟು. ಕೈಯಲ್ಲಿ ಹಿಡಿದು ನೋಡಿದರೆ ಡಾಕ್ಟರಿಗೆ ಗಾತ್ರದ ಅಂದಾಜು ಸಿಗುತ್ತದೆ.

ಎಕ್ಸ್‌ರೇಯಲ್ಲಿ ಬೀಜ ಮೂಳೆಯ ಹಾಗೆ ಬೆಳ್ಳಗೆ ಎದ್ದು ಕಾಣದೇ ಇರಬಹುದು. ಕಾಣಲಿಲ್ಲ ಅಂದರೆ ಬೀಜ ಇಲ್ಲ ಅಂತಲ್ಲ. "ಅಲ್ಟ್ರಾಸೌಂಡ್ ಮಾಡಬೇಕಾ ಸರ್? ನಾಳೆ ಮತ್ತೆ ಎಕ್ಸ್‌ರೇ ತೆಗೆದು ನೋಡೋಣವಾ?" ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಬೀಜ ಇನ್ನೂ ಹೊಟ್ಟೆಯಲ್ಲೇ ಇದ್ದರೆ ಕೆಲವು ಕಡೆ ಎಂಡೋಸ್ಕೋಪ್ ಹಾಕಿ ತೆಗೆಯಲು ಆಗುತ್ತದೆ. ಕರುಳಿಗೆ ಇಳಿದು ಸಿಕ್ಕಿಕೊಂಡರೆ ಆಪರೇಷನ್ನೇ ದಾರಿ. ಬೇಗ ಹೋಗುವುದರ ಲಾಭ ಇದೇ.

ಮೇದೋಜೀರಕದ ಊತ ಅಂತ ಆದರೆ ಡ್ರಿಪ್, ನೋವಿನ ಔಷಧಿ, ವಾಂತಿ ತಡೆಯುವ ಔಷಧಿ ಕೊಡುತ್ತಾರೆ. ಮನೆಗೆ ಬಂದ ಮೇಲೆ ಡಾಕ್ಟರ್ ಹೇಳಿದ ಕಡಿಮೆ ಕೊಬ್ಬಿನ ಊಟ ಬಿಟ್ಟು ಬೇರೆ ಕೊಡಬೇಡಿ. "ಪಾಪ, ಸೊರಗಿದೆ" ಅಂತ ಅಜ್ಜಿ ಅನ್ನಕ್ಕೆ ತುಪ್ಪ ಹಾಕಿಬಿಡುತ್ತಾರೆ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

## ಹಂತ 8: ಹಿತ್ತಲು, ತೋಟದಲ್ಲಿ ಮರ ಇದ್ದರೆ

ಬೆಣ್ಣೆಹಣ್ಣು ಮರದಲ್ಲೇ ಹಣ್ಣಾಗುವುದಿಲ್ಲ. ಕಾಯಿ ಬಲಿತು, ಕಿತ್ತ ಮೇಲೋ ಬಿದ್ದ ಮೇಲೋ ಮೆತ್ತಗಾಗುತ್ತದೆ. ಅಂದರೆ ಇವತ್ತು ಬಿದ್ದ ಗಟ್ಟಿ ಕಾಯಿ ನಾಯಿಗೆ ಬೇಡ, ಕೆಲವು ದಿನ ಕಳೆದರೆ ಅದರ ವಾಸನೆಗೇ ಹುಡುಕಿಕೊಂಡು ಬರುತ್ತದೆ. ಬಿದ್ದದ್ದನ್ನು ಗಟ್ಟಿ ಇರುವಾಗಲೇ ಆರಿಸಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಕಾಫಿ ತೋಟದ ನಡುವಿನ ಮರವಾದರೆ ಗಾಳಿಮಳೆ ಬಂದ ಮಾರನೇ ಬೆಳಿಗ್ಗೆ, ನಾಯಿ ಬಿಡುವ ಮೊದಲು, ಬುಡದ ಸುತ್ತ ಒಂದು ಸುತ್ತು ಹಾಕಿ. ಒಣಗಿದ ಎಲೆಯ ಅಡಿಯಲ್ಲಿ ಹಳೆಯ ಬೀಜಗಳಿರುತ್ತವೆ, ಕೋಲಿನಿಂದ ಕೆದಕಿ ನೋಡಿ.

ಮನೆ ಹತ್ತಿರ ಒಂದೇ ಮರವಾದರೆ ಹಣ್ಣಿನ ಕಾಲದಲ್ಲಿ ಸುತ್ತ ಬಲೆ ಕಟ್ಟಿ. ಗೊಬ್ಬರದ ಗುಂಡಿಗೆ ಬೀಜ, ಸಿಪ್ಪೆ ಹಾಕುವುದಾದರೆ ಮೇಲೆ ಮಣ್ಣು ಎಳೆದರೆ ಸಾಲದು, ಹಲಗೆ ಮುಚ್ಚಿ ಕಲ್ಲಿಡಿ. ಮೊಳಕೆ ಬರಿಸಲು ಬೀಜವನ್ನು ನೀರಿನ ಲೋಟದ ಮೇಲೆ ಕಡ್ಡಿ ಚುಚ್ಚಿ ಕೂರಿಸುವವರು ಆ ಲೋಟವನ್ನು ಕಿಟಕಿಯ ಎತ್ತರಕ್ಕೆ ಇಡಿ. ಕಡ್ಡಿ ಸಮೇತ ನುಂಗಿದರೆ ಇನ್ನೂ ಕಷ್ಟ.

ನಾಯಿಗೆ "ಬಿಡು" ಅನ್ನುವುದನ್ನು ಕಲಿಸಿ. ಟೆನಿಸ್ ಚೆಂಡಿನಿಂದ ಶುರು ಮಾಡಿ. ಬಾಯಿಂದ ಬಿಟ್ಟ ಕೂಡಲೇ ಬದಲಿಗೆ ಏನಾದರೂ ತಿನ್ನಲು ಕೊಡಿ, ಚೆಂಡನ್ನೂ ವಾಪಸ್ ಕೊಡಿ. ದಿನಕ್ಕೆ ಐದು ನಿಮಿಷ ಸಾಕು. ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಹೋದರೆ ನುಂಗುವ ಆತುರವೂ ಹೋಗುತ್ತದೆ.

ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ನಾಯಿಯ ಲೆಕ್ಕವನ್ನು ಅವುಗಳಿಗೆ ಹಚ್ಚಬೇಡಿ. ಲವ್‌ಬರ್ಡ್ಸ್, ಗಿಣಿ, ಮೊಲಕ್ಕೆ ತಿರುಳೂ ಸೇರಿ ಯಾವ ಭಾಗವೂ ಬೇಡ. ಪಂಜರದ ಹಕ್ಕಿಗಳು ಸ್ವಲ್ಪಕ್ಕೇ ಸಾಯುತ್ತವೆ. ಮರ ಸವರಿದಾಗ ಆ ಸೊಪ್ಪನ್ನು ಮೇಕೆಗೆ, ಹಸುವಿಗೆ ಹಾಕಬೇಡಿ. ಹಾಲು ಕೊಡುವ ಮೇಕೆಗಳಲ್ಲಿ ಕೆಚ್ಚಲು ಊದಿ ಹಾಲು ಕಡಿಮೆಯಾಗುತ್ತದೆ, ಜಾಸ್ತಿ ತಿಂದರೆ ಹೃದಯಕ್ಕೇ ಪೆಟ್ಟು. ದನ, ಮೇಕೆ ತಿಂದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ಆಂಬ್ಯುಲೆನ್ಸಿನ ನಂಬರ್ ಅದು. ಸವರಿದ ಕೊಂಬೆಗಳನ್ನು ಅವತ್ತೇ ಬೇಲಿಯ ಆಚೆಗೆ, ದನ ಮೇಯದ ಕಡೆ ಹಾಕಿ.